ಮೂರುನೋಟ ಟಿವಿ ಕೊಂಡದ್ದು

ನಮ್ಮ ಮೂರುನೋಟ ಯಾವ ವಸ್ತುವನ್ನೂ ಒಂದೇ ಸಲ ನೋಡಿ ಬಿಟ್ಟವನಲ್ಲ. ಮೊದಲು ಎದುರಿನಿಂದ, ಆಮೇಲೆ ಓರೆಯಾಗಿ, ಕೊನೆಗೆ ಕೆನ್ನೆಯನ್ನು ಹೆಚ್ಚುಕಡಿಮೆ ಅದಕ್ಕೆ ತಾಗಿಸಿ ಅಂಚಿನಿಂದ. ಹುಟ್ಟಿದ ಗಳಿಗೆಯಲ್ಲಿ ದಾದಿಯನ್ನೂ ಹೀಗೇ ಮೂರು ಸಲ ನೋಡಿ, ಸಮಾಧಾನವಾಗದೆ, ಆಮೇಲೆ ಅತ್ತನಂತೆ. ಮದುವೆಯ ಫೋಟೋದಲ್ಲಿ ಹೆಂಡತಿ ಕ್ಯಾಮರಾ ನೋಡುತ್ತಿದ್ದರೆ, ಇವನು ಸೊಂಟ ಬಗ್ಗಿಸಿ ಅವಳ ಕಿವಿಯ ಪಕ್ಕದಿಂದ ಅವಳ ಮೂಗು ನೋಡುತ್ತಿದ್ದಾನೆ. ಒಂದು ಸಂಜೆ ಇವನು ಮೂರನೇ ಸಲ ನೋಡಿ ಮುಗಿಸುವವರೆಗೆ ಸೂರ್ಯ ಮುಳುಗದೆ ಕಾದು ನಿಂತಿದ್ದನೆಂದು ನಮ್ಮ ಗ್ಯಾರೇಜಿನಲ್ಲಿ ಪ್ರತೀತಿ. ಆ ದಿನ ಮನೆಗೆ ತಡವಾಗಿ ಹೋದವರು ಇವತ್ತಿಗೂ ಸೂರ್ಯನನ್ನಲ್ಲ, ಇವನನ್ನೇ ಬೈಯುತ್ತಾರೆ.

ಆದರೆ ಈ ಚಾಳಿಯೇ ಅವನ ಅನ್ನ. ಗುದ್ದಿಸಿಕೊಂಡು ಬಂದ ಕಾರುಗಳ ತಗ್ಗು ತೆಗೆಯುವುದು ನಾನು. ಅದರ ಮೇಲೆ ಬಣ್ಣ ಹೊಂದಿಸುವುದು ಅವನು. ಬಣ್ಣದ ನಂಬರು ಕಾರಿನ ಬಾಗಿಲ ಸಂದಿಯಲ್ಲೇ ಬರೆದಿರುತ್ತದೆ, ಅದನ್ನು ನೋಡಿ ಬೆರೆಸಲು ಯಾರಿಗಾದರೂ ಬರುತ್ತದೆ. ಆರು ವರ್ಷ ಬಿಸಿಲು ತಿಂದ ಬಾಗಿಲು ಮಾತ್ರ ಆ ನಂಬರಿನ ಮಾತು ಕೇಳುವುದಿಲ್ಲ. ಮೂರುನೋಟ ಒಂದು ಹನಿ ಕಪ್ಪು, ಅರ್ಧ ಹನಿ ಹಳದಿ ಸೇರಿಸಿ, ಅಂಗೈಯಗಲದ ತಗಡಿನ ಮೇಲೆ ಸಿಂಪಡಿಸಿ, ಒಣಗಿಸಿ, ಕಾರಿಗೆ ಹಿಡಿದು ತನ್ನ ಮೂರು ನೋಟ ಮುಗಿಸುತ್ತಾನೆ. ಬೆಳ್ಳಿ ಬಣ್ಣದ ಮೇಲೆ ಅವನಿಗೆ ಜನ್ಮಾಂತರದ ಹಗೆ. ಎದುರಿಗೆ ನಗುತ್ತೆ, ಪಕ್ಕಕ್ಕೆ ಹೋದ್ರೆ ಮುಖ ಕಪ್ಪು ಮಾಡ್ಕೊಳ್ಳುತ್ತೆ, ಥೇಟ್ ನಮ್ಮ ಯಜಮಾನರ ಥರ ಎಂದು ಅವನ ಅಂಬೋಣ.

ಇಂಥವನ ಮನೆಯ ಹಳೇ ಟಿವಿ ಕಣ್ಣು ಮುಚ್ಚಿತು. ಗೋಡೆ ತುಂಬುವಂಥದ್ದು ಒಂದು ತರೋಣ ಎಂದು ಮನೆಯವರು ತೀರ್ಮಾನಿಸಿದರು. ಆರಿಸುವ ಕೆಲಸ ಇವನಿಗೇ ಬಿತ್ತು. ಅವನ ಹೆಂಡತಿ, ನಮ್ಮ ಅತ್ತಿಗೆ, ಒಂದು ಭಾನುವಾರದಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದರು. ಆರು ಭಾನುವಾರ ಹಿಡಿಯಿತು. ಐದರಲ್ಲಿ ನಾನೂ ಜೊತೆಗಿದ್ದೆ.

ಷೋರೂಮಿನಲ್ಲಿ ಇಪ್ಪತ್ತು ಟಿವಿಗಳು ಸಾಲಾಗಿ ನಿಂತು ಒಂದೇ ಗಿಳಿಯನ್ನು, ಒಂದೇ ಜಲಪಾತವನ್ನು, ಒಂದೇ ಕತ್ತರಿಸಿದ ಹಣ್ಣನ್ನು ತೋರಿಸುತ್ತಿದ್ದವು. ನಾನು ಬಾಯಿ ತೆರೆದು ನಿಂತೆ. ಮೂರುನೋಟ ಟೈ ಕಟ್ಟಿದ್ದ ಮಾರಾಟಗಾರನನ್ನು ಕರೆದು, ಮೊದಲು ಎಲ್ಲವನ್ನೂ ಆಫ್ ಮಾಡು ಅಂದ. ಟಿವಿ ಕೊಳ್ಳಲು ಬಂದವರು ಟಿವಿ ಆರಿಸಲು ಹೇಳಿದ್ದು ಆ ಟೈಯ ಅನುಭವದಲ್ಲಿ ಅದೇ ಮೊದಲು. ಆರಿದ ಕಪ್ಪು ಗಾಜುಗಳಲ್ಲಿ ಟ್ಯೂಬ್‌ಲೈಟು, ಬಾಗಿಲು, ನನ್ನ ಹೊಟ್ಟೆ ಎಲ್ಲಾ ಕಂಡವು. ಕನ್ನಡಿಯ ಹಾಗೆ ಹೊಳೆದ ಏಳನ್ನು ಅಲ್ಲೇ ತಳ್ಳಿಹಾಕಿದ. ಉಳಿದವನ್ನು ಹಚ್ಚಿಸಿ ಪಕ್ಕಕ್ಕೆ ನಡೆದ. ಐದರಲ್ಲಿ ಗಿಳಿ ಹಾಲಿನಲ್ಲಿ ಬಿದ್ದ ಹಾಗೆ ಬೆಳ್ಳಗಾಯಿತು. ಮನೆಯಲ್ಲಿ ಎಲ್ಲರೂ ನಟ್ಟನಡುವೆ ಕೂರಲು ಸಾಧ್ಯವೇ, ಗೋಡೆ ಪಕ್ಕದ ಕುರ್ಚಿ ಅತ್ತೆಯದು, ಅವರೇನು ಪಾಪ ಮಾಡಿದ್ದಾರೆ ಎಂದು ಟೈಯನ್ನು ಕೇಳಿದ.

ಆಮೇಲೆ ಗಿಳಿಯನ್ನೇ ಓಡಿಸಿದ. ಆ ವೀಡಿಯೊ ಟಿವಿ ಮಾಡಿದವರೇ ತೆಗೆಸಿದ್ದು. ಹೆತ್ತವರಿಗೆ ಹೆಗ್ಗಣ ಮುದ್ದು, ಅದನ್ನು ನಂಬಬಾರದು. ಅಂಗಡಿಯಲ್ಲಿ ಎಲ್ಲ ಟಿವಿಗಳೂ ನಾಟಕದ ಮೇಕಪ್ಪಿನಲ್ಲಿ ಇರುತ್ತವೆ, ಮುಖ ತೊಳೆಸಿ ನೋಡಬೇಕು. ಹೀಗೆಂದು, ಕಣ್ಣು ಕುಕ್ಕುವ 'ವಿವಿಡ್' ಬಣ್ಣ ತೆಗೆಸಿ, ಇದ್ದದ್ದನ್ನು ಇದ್ದಂತೆ ತೋರಿಸುವ 'ಸಿನಿಮಾ' ಹಾಕಿಸಿದ. ಕಾಲ್ಚೆಂಡು ಆಟ ಹಾಕಿಸಿ ಚೆಂಡಿಗೆ ಬಾಲ ಬರುತ್ತದೆಯೇ ನೋಡಿದ. ಕತ್ತಲ ದೃಶ್ಯ ಹಾಕಿಸಿ ಕಪ್ಪು ಕೋಟಿನ ಮೇಲೆ ಕಪ್ಪು ಗುಂಡಿ ಎಣಿಸಿದ. ಕೊನೆಗೆ ಜೇಬಿನಿಂದ ಪೆನ್‌ಡ್ರೈವ್ ತೆಗೆದ. ಅದರಲ್ಲಿದ್ದದ್ದು ಒಂದೇ ಫೋಟೋ: ಮಗಳು ಬೂದು ಸ್ವೆಟರ್ ಹಾಕಿಕೊಂಡು, ಮೋಡದ ಬೆಳಕಿನಲ್ಲಿ ತಾರಸಿಯ ಮೇಲೆ ನಿಂತದ್ದು.

"ಬೂದು ಬಣ್ಣ ಒಂಚೂರು ನೀಲಿಗೆ ತಿರುಗಿದ್ರೂ ಟಿವಿ ಸುಳ್ಳು ಹೇಳ್ತಿದೆ ಅಂತ ಅರ್ಥ," ಅಂದ. "ಇನ್ನು ನನ್ನ ಮಗಳ ಮುಖ ನನಗೆ ಗೊತ್ತು. ನಿನ್ನ ಟಿವಿಗೆ ಗೊತ್ತಾ ನೋಡೋಣ."

ಉಳಿದಿದ್ದ ಎಂಟರಲ್ಲಿ ಏಳು ಟಿವಿಗಳಲ್ಲಿ ಆ ಹುಡುಗಿಗೆ ಜ್ವರ, ಕಾಮಾಲೆ, ನಾಚಿಕೆ ಎಲ್ಲಾ ಬಂದು ಹೋದವು. ಒಂದರಲ್ಲಿ ಮಾತ್ರ ಅವಳು ಅವಳೇ ಆಗಿದ್ದಳು. ಅದನ್ನೇ ಕೊಂಡ.

ಮಗಳ ಫೋಟೋ ಒಯ್ದದ್ದು ಸುಮ್ಮನೆ ಅಲ್ಲ. ಆರು ವರ್ಷದವಳಿದ್ದಾಗಿನಿಂದ ರಸ್ತೆಯಲ್ಲಿ ಹೋಗುವ ಕಾರುಗಳನ್ನು ತೋರಿಸಿ ಅವಳಿಗೆ ಬಣ್ಣ ಕಲಿಸಿದ್ದ. ಬಿಳಿಯಲ್ಲಿ ಹನ್ನೊಂದು ಜಾತಿ ಇವೆ ಎಂದು ಆ ಮಗು ಶಾಲೆಯಲ್ಲಿ ವಾದಿಸಿ ಬೈಸಿಕೊಂಡು ಬಂದಿತ್ತು. ಈಗ ಅವಳು ಅಂಗಡಿಗಳ ಬೋರ್ಡು ಮಾಡುವ ಕಡೆ ಕಂಪ್ಯೂಟರ್ ಮುಂದೆ ಕೂರುತ್ತಾಳೆ. ಅದು ಅವನ ದೃಷ್ಟಿಯಲ್ಲಿ ತಾತ್ಕಾಲಿಕ ವನವಾಸ. ತನ್ನ ಬಣ್ಣದ ಮೇಜು, ತಕ್ಕಡಿ, ಮೂವತ್ತು ವರ್ಷದ ತಗಡುಗಳ ಪೆಟ್ಟಿಗೆ, ಎಲ್ಲಾ ಅವಳಿಗೆ ಹೋಗಬೇಕು. ಯಜಮಾನರ ಹತ್ತಿರ ಮಾತಾಡಿಯೂ ಆಗಿತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ: ನಿನ್ನ ಕಣ್ಣು ಅವಳಿಗೆ ಬಂದಿದೆಯೇ?

ಟಿವಿ ಗೋಡೆಗೇರಿದ ದಿನ ಅತ್ತಿಗೆ, ಇದೇನ್ರೀ, ಎಲ್ಲರಿಗೂ ಕಾಮಾಲೆ ಆಗಿದೆಯಲ್ಲ ಎಂದರು. ಹತ್ತು ದಿನ ಕೊಡು, ಕಣ್ಣು ಹೊಂದಿಕೊಳ್ಳುತ್ತೆ ಎಂದ ಇವನು. ಮೂರನೇ ದಿನ ಮಗಳು ಪರದೆಯನ್ನು ಎದುರಿನಿಂದ, ಓರೆಯಾಗಿ, ಅಂಚಿನಿಂದ ನೋಡಿ, "ಅಪ್ಪ ಹೇಳೋದು ಸರಿ. ಮುಖ ಈಗ ಮುಖದ ಥರ ಇದೆ" ಎಂದಳು. ಮರುದಿನ ಗ್ಯಾರೇಜಿನಲ್ಲಿ ಅವನ ಎದೆಗೆ ಅಂಗಿ ಸಾಲದಾಗಿತ್ತು. ಹತ್ತನೇ ದಿನ ಅತ್ತಿಗೆಯೂ ತೆಪ್ಪಗಾದರು. ಒಂದು ಮನೆಯೇ ಸತ್ಯದ ಕಡೆಗೆ ತಿರುಗಿತೆಂದು ಐದು ತಿಂಗಳು ನಮ್ಮ ಕಿವಿಗಳ ಮೇಲೆ ಪ್ರವಚನ ನಡೆಯಿತು.

ಒಂದು ಭಾನುವಾರ ನನ್ನನ್ನು ಊಟಕ್ಕೆ ಕರೆದಿದ್ದ. ಊಟವಾದ ಮೇಲೆ ಎಲ್ಲರೂ ಟಿವಿ ಮುಂದೆ ಕೂತೆವು. ಅವನ ಅತ್ತೆ, ಅಂದರೆ ಅತ್ತಿಗೆಯ ತಾಯಿ, ಭಾನುವಾರ ಮಧ್ಯಾಹ್ನ ಮಲಗುವವರು. ಅವತ್ತು ನೆಂಟ ಬಂದಿದ್ದಾನೆಂದು ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತರು. ವಾರದ ದಿನ ಸಂಜೆ ನಾಲ್ಕಕ್ಕೆ ಬರುವ ಧಾರಾವಾಹಿಯನ್ನು ಮತ್ತೆ ತೋರಿಸುತ್ತಿದ್ದರು. ನಾಯಕಿಯ ಅಪ್ಪ ಕಾರಿನಿಂದ ಇಳಿದ. ತಾಮ್ರದ ಬಣ್ಣದ ಕಾರು. ಆ ಬಣ್ಣವನ್ನು ಮೂರುನೋಟ ಹಿಂದಿನ ವಾರವಷ್ಟೇ ಬೆರೆಸಿದ್ದ. ಪರದೆಯಲ್ಲಿ ಅದು ತಗಡಿನ ಮೇಲಿದ್ದಂತೆಯೇ ಇದೆ ಎಂದು ನನ್ನ ಮೊಣಕೈ ತಿವಿದ.

ಅತ್ತೆ ಕನ್ನಡಕ ಸರಿಮಾಡಿಕೊಂಡು ಅತ್ತಿಗೆಯ ಕಡೆ ತಿರುಗಿದರು. "ಪಾಪ, ಆ ಕಿತ್ತಳೆ ಕಾರು ಮಾರ್‌ಬಿಟ್ನಾ ಕಣೇ? ಅಷ್ಟು ಚೆನ್ನಾಗಿತ್ತು."

ಅತ್ತಿಗೆ ಲೋಟ ಎತ್ತಿಕೊಂಡು ಒಳಗೆ ಹೋದರು. ಲೋಟದಲ್ಲಿ ಇನ್ನೂ ಅರ್ಧ ಕಾಫಿ ಇತ್ತು, ಅದೂ ನನ್ನದು. ಮಗಳು ತನ್ನ ಉಗುರು ನೋಡಿಕೊಂಡಳು. ಕುಂಬಳಕಾಯಿ ಕಳ್ಳ ಅಂತ ಯಾರೂ ಅಂದಿರಲಿಲ್ಲ, ಹೆಗಲುಗಳು ಮಾತ್ರ ತಾವಾಗಿಯೇ ಮುಟ್ಟಿಕೊಂಡವು.

"ಯಾವ ಕಿತ್ತಳೆ ಕಾರು, ಅತ್ತೆ?" ಮೂರುನೋಟ ತುಂಬಾ ಮೆತ್ತಗೆ ಕೇಳಿದ.

"ದಿನಾ ಬರುತ್ತಲ್ಲಪ್ಪ. ಬೆಂಕಿ ಥರ ಇದೆ. ಇದ್ಯಾವುದೋ ಬಡಪಾಯಿ ಕಾರು."

ಆ ಟಿವಿಯಲ್ಲಿ, ಅವನು ಇಟ್ಟ ಬಣ್ಣದಲ್ಲಿ, ಆ ಕಾರು ಸಾವಿರ ವರ್ಷ ಬಂದು ಹೋದರೂ ಕಿತ್ತಳೆಯಾಗಿ ಕಾಣುವುದಿಲ್ಲ. ಇದು ಗೊತ್ತಿದ್ದವರು ಆ ಕೋಣೆಯಲ್ಲಿ ಇಬ್ಬರೇ, ಅವನು ಮತ್ತು ಮಗಳು. ಅವನು ಅತ್ತೆಯನ್ನು ಎದುರಿನಿಂದ ನೋಡಿದ, ಅಡುಗೆಮನೆಯ ಬಾಗಿಲನ್ನು ಓರೆಯಾಗಿ ನೋಡಿದ. ಮಗಳನ್ನು ನೋಡಲಿಲ್ಲ.

ಸೋಮವಾರ ಮಗಳ ಅಂಗಡಿಗೆ ರಜೆ. ಅವತ್ತು ಮಧ್ಯಾಹ್ನ ಮೂರೂವರೆಗೆ ಅವನು ಕೈ ಒರೆಸಿಕೊಂಡು, ಬರ್ತೀನಿ ಎಂದು ಹೊರಟ. ಸ್ಕೂಟರು ಬಿಟ್ಟು ಹೋಗ್ತಿದ್ದೀಯಲ್ಲ ಎಂದದ್ದಕ್ಕೆ, ಗೊತ್ತು, ಅಂದ. ಮನೆಗೆ ಎರಡು ಕಿಲೋಮೀಟರು. ಬಿಸಿಲಿನಲ್ಲಿ ನಡೆದೇ ಹೋದ.

ಮುಂದಿನದನ್ನು ಮಂಗಳವಾರ ಬೆಳಿಗ್ಗೆ ಅವನ ಬಾಯಿಂದಲೇ ಕೇಳಿದೆವು. ಗ್ಯಾರೇಜಿನ ಅಷ್ಟೂ ಜನ ಸುತ್ತಿಗೆ ಕೆಳಗಿಟ್ಟು ಸುತ್ತ ನಿಂತಿದ್ದೆವು. ಬೀದಿಯಿಂದಲೇ ಕಂಡಿತಂತೆ: ಅವನ ಮನೆಯ ಒಳಗೋಡೆ ಹಸಿರಾಗಿ, ಆಮೇಲೆ ನೇರಳೆಯಾಗಿ, ಮತ್ತೆ ಗುಲಾಬಿಯಾಗಿ ಕುಣಿಯುತ್ತಿತ್ತು. ಬಾಗಿಲು ತೆರೆದೇ ಇತ್ತು. ಪರದೆಯ ಮೇಲೆ ಹುಲ್ಲು ಕಿರುಚುತ್ತಿತ್ತು. ನಾಯಕಿಯ ಹಲ್ಲು ನೀಲಿ, ತುಟಿ ರಕ್ತ, ಅವಳ ಅಪ್ಪನ ಕಾರು ಬೆಂಕಿ. ಅತ್ತೆ ಬೆಂಕಿ ಕಾಯಿಸಿಕೊಳ್ಳುವವರ ಹಾಗೆ ಮುಂದಕ್ಕೆ ಬಾಗಿದ್ದರು. ಅತ್ತಿಗೆ ಬಟ್ಟೆ ಮಡಚುತ್ತಿದ್ದರು. ರಿಮೋಟ್ ಇದ್ದದ್ದು ಮಗಳ ಕೈಯಲ್ಲಿ.

ಹೊಸಿಲಲ್ಲಿ ಅಪ್ಪನನ್ನು ಕಂಡದ್ದೇ ತಡ, ಅವಳ ಹೆಬ್ಬೆರಳು ತಾನಾಗಿಯೇ ಆಡಿತು. ಮೂರು ಒತ್ತು. ಕಣ್ಣು ರಿಮೋಟಿನ ಮೇಲಿರಲಿಲ್ಲ, ಅಪ್ಪನ ಮೇಲಿತ್ತು. ರೆಪ್ಪೆ ಬಡಿಯುವಷ್ಟರಲ್ಲಿ ಹುಲ್ಲು ಹುಲ್ಲಾಯಿತು, ಹಲ್ಲು ಹಲ್ಲಾಯಿತು, ಕಾರು ತಾಮ್ರವಾಯಿತು.

"ಅಷ್ಟು ಸಲೀಸಾಗಿ," ಅಂದ ನಮಗೆ. "ಒಂದು ದಿನದ ಕೈಯಲ್ಲ ಅದು. ಐದು ತಿಂಗಳು ಪಳಗಿದ ಕೈ."

ಅತ್ತಿಗೆ ತಪ್ಪೊಪ್ಪಿಕೊಂಡರಂತೆ. ಟಿವಿ ಗೋಡೆಗೆ ಹಾಕಿದ ದಿನವೇ, ಇವನು ಏಣಿ ಹಿಂದಿರುಗಿಸಲು ಹೋದಾಗ, ಟಿವಿ ಜೊತೆ ಬಂದಿದ್ದ ಆ ಟೈಯವನೇ ಬಣ್ಣ ಬದಲಿಸಲು ಯಾವ ಗುಂಡಿ ಎಂದು ತೋರಿಸಿಕೊಟ್ಟಿದ್ದ. ನಿಮ್ಮ ಯಜಮಾನರಿಗೆ ಹೇಳಬೇಡಿ, ನಮ್ಮ ಮನೆಯಲ್ಲೂ ಹೀಗೇ ಇಟ್ಟಿದ್ದೀವಿ ಎಂದೂ ಸೇರಿಸಿದ್ದ. ಸ್ಕೂಟರಿನ ಸದ್ದು ಕೇಳಿದೊಡನೆ ಬಣ್ಣ ಬದಲು. ಅತ್ತೆಯೊಬ್ಬರಿಗೆ ಮಾತ್ರ ಒಳಸಂಚು ತಿಳಿಸಿರಲಿಲ್ಲ, ಬಾಯಿ ನಿಲ್ಲುವುದಿಲ್ಲವೆಂದು.

ಟೈ ಮೋಸ ಮಾಡಿದ್ದು ಅವನಿಗೆ ನೋಯಲಿಲ್ಲ, ಮಾರುವವನ ಧರ್ಮ. ಹೆಂಡತಿಯದೂ ಸರಿಯೇ, ಅವಳು ಮೊದಲ ದಿನವೇ ಕಾಮಾಲೆ ಅಂದಿದ್ದಳು. ಆದರೆ ಬೇಲಿಯೇ ಎದ್ದು ಹೊಲ ಮೇಯ್ದರೆ? ಅವನು ಮಗಳನ್ನು ಎರಡೇ ಪ್ರಶ್ನೆ ಕೇಳಿದನಂತೆ. ಮೊದಲನೆಯದು, ನಿನಗೆ ವ್ಯತ್ಯಾಸ ಕಾಣಿಸ್ತಿರಲಿಲ್ವಾ ಅಂತ. ಕೇಳುವಾಗ, ಕಾಣಿಸ್ತಿರಲಿಲ್ಲ ಅಂದುಬಿಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡನಂತೆ.

"ಕಾಣಿಸ್ತಿತ್ತು ಅಪ್ಪಾ," ಅಂದಳು ಅವಳು. "ನಿನ್ನದೇ ಸರಿ ಅಂತ ಮೊದಲ ದಿನವೇ ಕಾಣಿಸ್ತು. ನಿನ್ನ ಸಿನಿಮಾದಲ್ಲಿ ಬೂದು ಬೂದಾಗೇ ಇದೆ, ವಿವಿಡ್‌ನಲ್ಲಿ ನೀಲಿ ಹೊಡೆಯುತ್ತೆ."

"ಮತ್ತೆ?"

"ನನಗೆ ಆ ವಿವಿಡ್ಡೇ ಇಷ್ಟ. ಬಣ್ಣ ಕಂಡ್ರೆ ಸಾಕು, ಅದು ಸರೀನಾ ತಪ್ಪಾ ಅಂತ ಕಣ್ಣು ಹುಡುಕೋಕೆ ಶುರು ಮಾಡುತ್ತೆ. ಆರು ವರ್ಷದವಳಿದ್ದಾಗಿಂದ ಹೀಗೇ. ಅದರಲ್ಲಿ ಎಲ್ಲಾನೂ ತಪ್ಪೇ ಇದೆ, ಹುಡುಕೋದೇ ಬೇಡ. ನಿನ್ನ ಮೇಜಿಗೆ ಬೇರೆ ಯಾರನ್ನಾದ್ರೂ ನೋಡ್ಕೋ ಅಪ್ಪಾ. ಹೇಳ್ಬೇಕು ಹೇಳ್ಬೇಕು ಅಂತಾನೇ ಇದ್ದೆ."

ಇಷ್ಟು ಹೇಳಿ ಮೂರುನೋಟ ನಿಲ್ಲಿಸಿದ. ತಗಡಿನ ಪೆಟ್ಟಿಗೆಯ ಮುಚ್ಚಳ ತೆಗೆದ, ಹಾಕಿದ. ಆ ಕಣ್ಣು ಅವಳಿಗೆ ನಿಜವಾಗಿಯೂ ಬಂದಿತ್ತು. ಬಂದದ್ದನ್ನು ಅವಳು ಬೇಡ ಅಂದಿದ್ದಳು. ಮೂವತ್ತು ವರ್ಷ ಬೆಳ್ಳಿ ಬಣ್ಣದೊಂದಿಗೆ ಕಾದಾಡಿದ ವೀರ, ಹತ್ತೊಂಬತ್ತು ಟಿವಿಗಳ ಮುಖವಾಡ ಕಿತ್ತ ಧೀರ, ತನ್ನ ಮನೆಯ ಹೊಸಿಲಲ್ಲಿ ತನ್ನ ಮಗಳಿಂದಲೇ ಈ ಮಾತು ಕೇಳಿದಾಗ ಯಾವ ಗರ್ಜನೆ ಹೊರಟಿತೋ, ರಿಮೋಟ್ ಯಾವ ಗೋಡೆಗೆ ಬಿತ್ತೋ ಎಂದು ನಾವೆಲ್ಲ ಇನ್ನಷ್ಟು ಹತ್ತಿರ ಸರಿದೆವು.

"ಆಮೇಲೆ ನೀನೇನಂದೆ?" ನಾನೇ ಕೇಳಿದೆ.

"ಸೌಂಡ್ ಸ್ವಲ್ಪ ಕಮ್ಮಿ ಮಾಡು ಅಂದೆ."