ಎಂಬತ್ತು ನಿಮಿಷದ ಮದುವೆ

ಗುಂಡ್ಲುಪೇಟೆಯಲ್ಲಿ ಶಿವರಂಜಿನಿಯಷ್ಟು ಮದುವೆ ನೋಡಿದವರು ಇನ್ನೊಬ್ಬರಿರಲಿಲ್ಲ. ಒಂದಕ್ಕೂ ಹೋಗಿ ಉಂಡು ಬಂದವಳಲ್ಲ, ಅದು ಬೇರೆ ಮಾತು. ಎರಡು ಸಾವಿರದ ಆರರ ಹೊತ್ತಿಗೆ ಮೈಸೂರಿನ ಸ್ಟುಡಿಯೋದವರು ಮದುವೆಗಳನ್ನು ಡಿವಿಡಿಗೆ ಹಾಕಿ ಕೊಡತೊಡಗಿದ್ದರು. ಸುತ್ತಲಿನ ಹಂಗಳ, ಮದ್ದೂರು ಹಳ್ಳಿಗಳ ಮನೆಗಳಲ್ಲಿ ಇದ್ದದ್ದು ಮಾತ್ರ ಹಳೆಯ ವಿಸಿಡಿ ಪ್ಲೇಯರು. ಡಿವಿಡಿ ಹಾಕಿದರೆ ಅದು ಒಂದೆರಡು ಸಲ ಗೊರ್ ಎಂದು ಉಗುಳಿಬಿಡುತ್ತಿತ್ತು. ಅಂಥವರೆಲ್ಲ ಡಿಸ್ಕನ್ನು ಟವೆಲಿನಲ್ಲೋ ಸೆರಗಿನಲ್ಲೋ ಸುತ್ತಿಕೊಂಡು ಬಸ್ಸು ಹತ್ತಿ ಶಿವರಂಜಿನಿಯ ಮನೆಗೆ ಬರುತ್ತಿದ್ದರು. ಅವಳು ಅದನ್ನು ವಿಸಿಡಿಗೆ ಇಳಿಸಿಕೊಡುತ್ತಿದ್ದಳು.

ಕಂಪ್ಯೂಟರು ಅವಳ ಅಣ್ಣ ರಂಗಸ್ವಾಮಿ ಹೊಸದು ಕೊಂಡಾಗ ಬಿಟ್ಟುಹೋದದ್ದು. ಅದರ ಸೋಮಾರಿತನ ಹೇಳತೀರದು. ಬೆಳಿಗ್ಗೆ ಏಳಕ್ಕೆ ಡಿವಿಡಿ ಹಾಕಿದರೆ ಮಧ್ಯಾಹ್ನ ಮೂರಕ್ಕೋ ನಾಲ್ಕಕ್ಕೋ ನೂರು ಪರ್ಸೆಂಟು. ನಡುವೆ ಕರೆಂಟು ಹೋದರೆ ಮತ್ತೆ ಸೊನ್ನೆಯಿಂದ. ಇಷ್ಟಾಗಿ ಒಂದು ವಿಸಿಡಿಗೆ ಹಿಡಿಸುವುದು ಎಂಬತ್ತೇ ನಿಮಿಷ, ಮದುವೆಯೋ ಎರಡು ಗಂಟೆ. ಎರಡು ಡಿಸ್ಕ್ ಮಾಡುತ್ತೇನೆಂದರೆ ಯಾರೂ ಒಪ್ಪರು. "ಮದ್ವೆ ಒಂದೆಯ, ಎರ್ಡು ಪ್ಲೇಟ್ ಯಾತಕ್ಕವ್ವ?" ಎನ್ನುವರು. ಅದಕ್ಕೆ ಅವಳು ಊಟದ ಪಂಕ್ತಿಯನ್ನೆಲ್ಲ ಕತ್ತರಿಸಿ ಬಿಸಾಕುವುದನ್ನು ರೂಢಿ ಮಾಡಿಕೊಂಡಿದ್ದಳು. ಕ್ಯಾಮರಾ ಕಂಡ ಕೂಡಲೇ ತುತ್ತು ಕೈಯಲ್ಲೇ ಹಿಡಿದು ಕಲ್ಲಾಗುವ ಜನರನ್ನು ಯಾರೂ ಮತ್ತೆ ಕೇಳಿಕೊಂಡು ಬಂದದ್ದಿಲ್ಲ.

ಕೆಲಸ ನಡೆಯುವಾಗ ಪರದೆಯ ಮೂಲೆಯಲ್ಲಿ ಮದುವೆ ಚಿಕ್ಕದಾಗಿ ಓಡುತ್ತಿತ್ತು. ಶಿವರಂಜಿನಿ ನೋಡುತ್ತಿದ್ದದ್ದು ಅದರ ಕೆಳಗಿನ ಅಂಕಿಯನ್ನು. ಧಾರೆಯಾದರೂ ಅಷ್ಟೇ, ಹೆಣ್ಣು ಒಪ್ಪಿಸಿಕೊಡುವಾಗ ತಾಯಿ ಅತ್ತರೂ ಅಷ್ಟೇ. ಮೂರು ವರ್ಷದ ಹಿಂದೆ ಗಂಡ ಚಂದ್ರಕುಮಾರ್ ಅವಳನ್ನು ತವರಿಗೆ ಬಿಟ್ಟು, "ಚಾಮರಾಜನಗರದಲ್ಲಿ ಒಳ್ಳೆ ಮನೆ ಸಿಕ್ಕಿದ ತಕ್ಷಣ ಕರ್ಕೊಂಡೋಗ್ತೀನಿ" ಎಂದು ಹೋಗಿದ್ದ. ಆ ಊರಿನಲ್ಲಿ ಮನೆಗಳಿಗೆ ಅಷ್ಟೊಂದು ಬರ ಇತ್ತೇ ಎಂದು ಕೇಳಬಾರದು. ಮೊದಲ ವರ್ಷ ಅವಳು ಕಾದಳು, ಎರಡನೆಯ ವರ್ಷ ಅತ್ತಳು, ಮೂರನೆಯ ವರ್ಷಕ್ಕೆ ಎರಡೂ ನಿಂತುಹೋದವು. ತಾಯಿ ರಾಚಮ್ಮ ಮಾತ್ರ, "ಆಷಾಡ ಕಳೀಲಿ, ಬತ್ತನೆ ಬುಡು" ಎಂದು ಪ್ರತಿ ವರ್ಷವೂ ಹೇಳುತ್ತಿದ್ದಳು. ಶಿವರಂಜಿನಿ ಹೂಂ ಎನ್ನುತ್ತಿದ್ದಳು. ತಾಳಿ ತೆಗೆದಿರಲಿಲ್ಲ.

ಒಂದು ದಿನ ಬೆಳಿಗ್ಗೆ ಹಂಗಳದ ಮಂಗಮ್ಮ ಎಂಬಾಕೆ ಮಗಳ ಮದುವೆಯ ಡಿವಿಡಿ ತಂದಳು. ಕೂತ ಕಡೆಯೇ ಎಲ್ಲ ಹೇಳಿದಳು. ಮಗಳು ಸ್ಪಂದನಾ. ಮದುವೆ ಆಗಿದ್ದು ಮೈಸೂರಿನ ಛತ್ರದಲ್ಲಿ, ನಾಲ್ಕು ತಿಂಗಳಾಯಿತು, ಸ್ಟುಡಿಯೋದವನು ಈಗ ಕೊಟ್ಟ.

"ಗಂಡಿನ್ ಕಡೇಲಿ ಅತ್ತು ಜನಾನೂ ಬರ್ನಿಲ್ಲ ಕಣವ್ವ. ಎರಡ್ನೆ ಸಂಬಂಧ ನೋಡು, ಅವರ್ಗೂ ಸಂಕೋಚ. ಮೊದಲ್ನೆ ಎಂಡ್ರು ಜಾಂಡೀಸ್ ಆಗಿ ತೀರೋದ್ಲಂತೆ. ಮಕ್ಳುಮರಿ ಇಲ್ಲ, ಒಳ್ಳೆ ಉಡ್ಗ."

"ಪಾಪ," ಎಂದಳು ಶಿವರಂಜಿನಿ. ಸತ್ತವರ ಸುದ್ದಿ ಬಂದಾಗ ಯಾರಾದರೂ ಅನ್ನುವ ಹಾಗೆ ಅಂದಳು.

ಮಂಗಮ್ಮ ಹೋದ ಮೇಲೆ ಡಿಸ್ಕ್ ಹಾಕಿದಳು. ಆರು ಪರ್ಸೆಂಟಿನಲ್ಲಿ ಗಂಡು ಕಾರಿನಿಂದ ಇಳಿದ. ಪೇಟ ಹಣೆಗೆ ಜಾರಿತ್ತು, ಎಡಗೈಯಿಂದ ಸರಿಮಾಡಿಕೊಂಡ. ಚಂದ್ರಕುಮಾರ್.

ಅವಳು ಕಿರುಚಲಿಲ್ಲ. ತಾನು ಕಿರುಚಬೇಕು ಎಂದು ಒಂದು ಕ್ಷಣ ಅನ್ನಿಸಿತು, ಆಮೇಲೆ ಅದೂ ಹೋಯಿತು. ಅಂಕಿ ಏಳಾಯಿತು, ಎಂಟಾಯಿತು. "ಯಾರ್ ಮದ್ವೆ ಕಣಮ್ಮಿ?" ಎಂದು ರಾಚಮ್ಮ ಅಡುಗೆಮನೆಯಿಂದ ಕೇಳಿದಳು. "ಹಂಗಳದೋರ್ದು," ಎಂದಳು ಮಗಳು. ಅದು ಸುಳ್ಳೂ ಅಲ್ಲವಲ್ಲ. ಜಾಂಡೀಸಾಗಿ ತಾನು ಸತ್ತದ್ದು ಯಾವ ತಿಂಗಳಲ್ಲಿ ಎಂದು ಲೆಕ್ಕ ಹಾಕಲು ನೋಡಿದಳು. ಮೂರನೆಯ ಗಂಟು ಹಾಕುತ್ತ ಅವನು ಕ್ಯಾಮರಾದವನ ಕಡೆ ತಿರುಗಿ ಸಾಕಾ ಎಂಬಂತೆ ನೋಡಿದ. ಪಕ್ಕದಲ್ಲಿ ಆ ಹುಡುಗಿ, ಇಪ್ಪತ್ತಿರಬಹುದು, ತಲೆ ಎತ್ತದೆ ಕೂತಿತ್ತು. ಅದರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಅವಳ ಕೈಲಾಗಲಿಲ್ಲ.

ಅರವತ್ತೊಂದಕ್ಕೆ ಕರೆಂಟು ಹೋಯಿತು. ಈಗ ಬಿಟ್ಟುಬಿಡಬಹುದಿತ್ತು. ಡಿಸ್ಕ್ ಓದುತ್ತಿಲ್ಲ, ಗೀರು ಬಿದ್ದಿದೆ ಎಂದರೆ ಮಂಗಮ್ಮ ನಂಬುತ್ತಿದ್ದಳು. ಆಗ ಶಿವರಂಜಿನಿ ಸತ್ತವಳಾಗಿಯೇ ಉಳಿಯುತ್ತಿದ್ದಳು, ರಾಚಮ್ಮ ಇನ್ನಷ್ಟು ಆಷಾಢ ಕಾಯುತ್ತಿದ್ದಳು. ಬಾಯಿ ಬಿಟ್ಟರೆ ಆ ಹುಡುಗಿಯ ಗತಿ? ಮಾರನೆಯ ದಿನ ಕರೆಂಟು ಬಂದಾಗ ಅವಳು ಮತ್ತೆ ಸೊನ್ನೆಯಿಂದ ಶುರುಮಾಡಿದಳು. ಯಾಕೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಎಂದಿನಂತೆ ಊಟದ ಪಂಕ್ತಿ ಕತ್ತರಿಸಿದಳು. ಎಪ್ಪತ್ತಮೂರು ನಿಮಿಷಕ್ಕೆ ಬಂದು ನಿಂತಿತು. ಏಳು ನಿಮಿಷ ಖಾಲಿ. ಸ್ವಲ್ಪ ಹೊತ್ತು ಆ ಖಾಲಿಯನ್ನೇ ನೋಡುತ್ತ ಕೂತಿದ್ದವಳು ಎದ್ದು, ಬೀರುವಿನಲ್ಲಿ ಸೀರೆಗಳ ಅಡಿಯಿದ್ದ ತನ್ನ ಮದುವೆಯ ಡಿಸ್ಕ್ ತಂದಳು. ಅದು ಮೊದಲೇ ವಿಸಿಡಿ, ಬದಲಾಯಿಸುವ ತಾಪತ್ರಯವೇ ಇರಲಿಲ್ಲ. ಮುಹೂರ್ತದ ಐದು ನಿಮಿಷ ತೆಗೆದು ಸ್ಪಂದನಾಳ ಮದುವೆಯ ತುದಿಗೆ ಅಂಟಿಸಿದಳು. ಅಲ್ಲಿಯೂ ಅವನು ಮೂರನೆಯ ಗಂಟು ಹಾಕಿ, ಸಾಕಾ ಎಂದು ಕ್ಯಾಮರಾ ನೋಡುತ್ತಿದ್ದ.

ಮಂಗಮ್ಮ ನಗುನಗುತ್ತ ಬಂದಳು. "ಬೀದಿ ಜನವೆಲ್ಲ ಕಾಯ್ತಾವ್ರೆ ಕಣವ್ವ, ಸಂದೇಗೆ ನಮ್ಮಟ್ಟೀಲೆ ಎಲ್ಲಾರೂ ಸೇರದು."

"ಯಾರ್ನೂ ಕರೀಬ್ಯಾಡಿ," ಎಂದಳು ಶಿವರಂಜಿನಿ. "ಮೊದ್ಲು ನೀವೊಬ್ರೆ ನೋಡಿ. ಕಡೇಗಂಟ ನೋಡಿ."

"ಯಾಕವ್ವ, ಕಡೇಲಿ ಏನದೆ?"

"ನಾನಿವ್ನಿ. ನಿಮ್ಮಳಿಯ ನಂಗೆ ತಾಳಿ ಕಟ್ತಾವ್ನೆ."

ಮಂಗಮ್ಮ ಅವಳ ಮುಖ ನೋಡಿದಳು, ಕೊರಳು ನೋಡಿದಳು. ಬಯ್ಯುತ್ತಾಳೆ, ಇಲ್ಲ ಸುಳ್ಳು ಎನ್ನುತ್ತಾಳೆ ಎಂದು ಶಿವರಂಜಿನಿ ಕಾದಳು. ಆಕೆ ಹೊಸಿಲ ಮೇಲೆ ಕುಸಿದು ಕೂತು, ಬಹಳ ಮೆಲ್ಲಗೆ ಹೇಳಿದಳು:

"ನನ್ ಮಗ್ಳು ಮೂರ್ ತಿಂಗ್ಳು ಬಸ್ರಿ ಕಣವ್ವ."

ಶಿವರಂಜಿನಿಗೆ ಅಳು ಬಂತು. ನೀರು ತರುತ್ತೇನೆಂದು ಒಳಗೆ ಹೋದವಳು ಚೊಂಬು ಹಿಡಿದುಕೊಂಡು, ತಾಯಿಯ ಎದುರಿಗೇ ನಿಂತು, ಜೋರಾಗಿ ಅತ್ತಳು.