ಎಡಪ್ಪಾಡಿಗೆ ಒಯ್ದ ನಲವತ್ತು ಪುಸ್ತಕ

ಮೊದಲು ಖರ್ಚು ಹೇಳಿಬಿಡುತ್ತೇನೆ. ಬೆಂಗಳೂರಿನಿಂದ ಸೇಲಂಗೆ ಬಸ್ಸಿಗೆ ಇನ್ನೂರ ಎಂಬತ್ತು, ಅಲ್ಲಿಂದ ಎಡಪ್ಪಾಡಿಗೆ ಮೂವತ್ತೈದು. ನಲವತ್ತು ಪುಸ್ತಕಕ್ಕೆ ಎಂಟುನೂರ ಎಂಬತ್ತು. ತೆಳು ಕಾಗದದಲ್ಲಿ ಅಕ್ಷರ ಹಿಂಬದಿಗೆ ಮೂಡುತ್ತದೆ, ದಪ್ಪದ್ದು ಹಾಕಿಸಿ ಎಂದ ಪ್ರೆಸ್ಸಿನವನು. 'ತೆಳುವೇ ಇರಲಿ, ಒಂದೇ ಬದಿ ಹೊಡಿ' ಎಂದು ಚೌಕಾಸಿ ಮಾಡಿದೆ. ಇಷ್ಟೆಲ್ಲ ಯಾಕೆಂದರೆ, ರುಕ್ಕಮ್ಮಕ್ಕ ಮರೆಯತೊಡಗಿದ್ದಳು.

ತಮಿಳುನಾಡಿನ ಎಡಪ್ಪಾಡಿ ನಾನು ಬೆಳೆದ ಊರು, ಅಲ್ಲಿ ಅವಳದು ನಮ್ಮ ಪಕ್ಕದ ಮನೆ. ನನಗೆ ಮಗ್ಗ ಕಲಿಸಿದವಳು. ನೇಯುತ್ತ ಪದ ಕಟ್ಟುತ್ತಿದ್ದಳು, ಒಂದನ್ನೂ ಬರೆದಿಟ್ಟವಳಲ್ಲ. ಎಪ್ಪತ್ತು ದಾಟಿದ ಮೇಲೆ ಹಾಡಿನ ನಡುವೆಯೇ ನಿಂತುಬಿಡುತ್ತಾಳೆ ಎಂದು ಮಗಳು ಸೆಲ್ವಿ ಫೋನಿನಲ್ಲಿ ಹೇಳಿದಳು. ನೆನಪಿದ್ದಷ್ಟನ್ನು ಅಕ್ಕನಿಂದ ಹಾಡಿಸಿ ವಾಟ್ಸಾಪಿಗೆ ಕಳಿಸಲು ಹೇಳಿದೆ. ಬಂದದ್ದನ್ನೆಲ್ಲ ಬರೆದುಕೊಂಡು ಪುಸ್ತಕ ಮಾಡಿಸಿದೆ.

ಅಮಾವಾಸ್ಯೆಗೆ ಸರಿಯಾಗಿ ಹೊರಟೆ. ಅಂದು ನಮ್ಮ ನೇಕಾರರು ಮಗ್ಗ ಮುಟ್ಟುವುದಿಲ್ಲ, ಹಾಗಾಗಿ ಊರ ಕವಿಗಳ ತಿಂಗಳ ಕೂಟವೂ ಅಂದೇ. ತೊಪ್ಪೂರು ಘಾಟಿಯಲ್ಲಿ ಲಾರಿಗಳ ಹಿಂದೆ ಬಸ್ಸು ತೆವಳಿತು. ಸೇಲಂನಲ್ಲಿ ಇಳಿದು ತಟ್ಟುವಡೆ ಸೆಟ್ಟು ತಿಂದೆ. ಎರಡು ಗರಿಗರಿ ವಡೆಯ ನಡುವೆ ತುರಿದ ಬೀಟ್‌ರೂಟು, ಚಟ್ನಿ. ಮಗ್ಗದ ಕೂಲಿ ಸಿಕ್ಕ ದಿನ ಅಕ್ಕ ಕೊಡಿಸುತ್ತಿದ್ದ ರುಚಿಯೇ ಇತ್ತು. ಬಿಸಿಲು ಮಾತ್ರ ಆಗ ಇಷ್ಟಿರಲಿಲ್ಲ.

ಕೂಟ ಸೇರಿದ್ದು ಅಕ್ಕನ ಮಗ್ಗದ ಮನೆಯಲ್ಲೇ, ಮಧ್ಯಾಹ್ನ ಮೂರಕ್ಕೆ. ನನ್ನ ಹರೆಯದಲ್ಲಿ ಆರೇಳು ಜನ ಇರುತ್ತಿದ್ದೆವು, ಈಗ ಇಪ್ಪತ್ತರ ಮೇಲಿದ್ದರು. ಪದ್ಧತಿ ಮಾತ್ರ ಅದೇ. ಸರದಿ ಬಂದವರು ಮಗ್ಗದ ಹಲಗೆಯ ಮೇಲೆ ಕೂತು, ನೇಯುವವರಂತೆ ಕೆಳಗಿನ ಗುಂಡಿಯೊಳಗೆ ಕಾಲು ಇಳಿಬಿಟ್ಟು ಓದಬೇಕು. ಟೀ ಅಂಗಡಿಯ ಚಿನ್ನಪ್ಪಣ್ಣ ತಮಿಳಿನಲ್ಲಿ ಉದ್ದನೆಯ ಕವಿತೆ ಓದತೊಡಗಿದ.

"ಚಿನ್ನಪ್ಪಾ, ಟೀ ಆರೋಯ್ತದೆ, ಬೇಗ ಮುಗ್ಸಪ್ಪಾ!" ಎಂದಳು ಅಕ್ಕ.

"ನಿನ್ಗೇ ಸೀಟ್ ಇಡ್ದಿಟ್ಟಿದ್ದೆ ಅಕ್ಕಾ," ಎಂದು ನಗುತ್ತ ಅವನು ಇಳಿದ.

ಅಕ್ಕ ಕೂತಳು. ಕಣ್ಣು ಮುಚ್ಚಿ ಶುರುಮಾಡಿದಳು.

"ನೂಲು ಅರಿದ್ರೆ ಗಂಟು ಐತೆ,
ಗಂಟು ಜಾರಿದ್ರೆ ಬೆರಳು ಐತೆ,
ಬೆರಳು ಸೋತ್ರೆ..."

ನಿಂತಳು. ಮತ್ತೆ ಮೊದಲಿಂದ ಹಿಡಿದಳು, ಅಲ್ಲಿಗೇ ಬಂದು ನಿಂತಳು. ಸೆಲ್ವಿ ತಲೆ ತಗ್ಗಿಸಿದಳು. ಇದೇ ಸಮಯವೆಂದು ನಾನು ಹೆಮ್ಮೆಯಿಂದ ಕಟ್ಟು ಬಿಚ್ಚಿ, ಎಲ್ಲರ ಕೈಗೂ ಒಂದೊಂದು ಪುಸ್ತಕ ಕೊಟ್ಟೆ.

ಅಕ್ಕ ಪುಟ ತಿರುವಿ ತಿರುವಿ ನೋಡಿದಳು. "ಇದೇನ್ಲಾ ಗೋವಿಂದಾ, ಕೋಳಿ ಕೆದಕ್ದಂಗೈತೆ?"

ಆಗ ಹೊಳೆಯಿತು. ಅಲ್ಲಿದ್ದ ಎಲ್ಲರ ಮನೆಮಾತೂ ಕನ್ನಡ, ಕನ್ನಡ ಅಕ್ಷರ ಒಬ್ಬರಿಗೂ ಬಾರದು. ಕಲಿತದ್ದು ತಮಿಳು ಶಾಲೆಯಲ್ಲಿ. ನಾನೂ ಹಾಗೇ ಇದ್ದವನು. ಬೆಂಗಳೂರಿಗೆ ಬಂದು ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು ನೋಡಿ ಕಲಿತೆ. ಕಲಿತದ್ದೇ ತಡ, ಕಲಿಯದಿದ್ದ ದಿನ ಮರೆತುಹೋಗಿತ್ತು. ಮರೆವು ಅಕ್ಕನಿಗೆ ಮಾತ್ರ ಎಂದುಕೊಂಡು ಅಷ್ಟು ದೂರ ಹೋಗಿದ್ದೆ.

"ಓದು ಮಾಮಾ," ಎಂದಳು ಸೆಲ್ವಿ. ಸರ್ಕಾರಿ ಶಾಲೆಯಲ್ಲಿ ತಮಿಳು ಟೀಚರು ಅವಳು, ಕನ್ನಡ ಮನೆಯೊಳಗಷ್ಟೇ.

ಓದಿದೆ: "ಬೆರಳು ಸೋತರೆ, ಮಗಳೇ, ನಿನ್ನ ಕಣ್ಣು ಇದೆ."

"ಇದೆ ಅಂತ ಯಾವಳ್ಲಾ ಏಳಿದ್ದು? ಬೆಂಗ್ಳೂರ್ ಗಂಜಿ ಆಕ್ಬೇಡ ನನ್ ಬಟ್ಟೆಗೆ. ಕಣ್ಣು ಐತೆ!" ಎಂದು ಅಕ್ಕ ಗದರಿದಳು. ಗದರಿದ ರಭಸಕ್ಕೆ ಮುಂದಿನ ನಾಲ್ಕು ಸಾಲು ತಾನಾಗಿಯೇ ಬಂದವು.

ಸೆಲ್ವಿ ಹಾಳೆ ಮಗುಚಿ ನೋಡಿದಳು. "ಮಾಮಾ, ಈ ಕಡೆ ಪೂರಾ ಖಾಲಿ ಐತಲ್ಲಾ! ಯಾರತ್ರ ಪೇನಾ ಐತೆ? ಎಡುಂಗೊ, ಎಡುಂಗೊ!" ತೆಗೀರಿ ತೆಗೀರಿ ಎಂದು ತಮಿಳಿನಲ್ಲೇ ಅವಸರಿಸಿದಳು.

ಸಂಜೆಯವರೆಗೂ ಅದೇ ಕೆಲಸ. ನಾನು ಒಂದು ಸಾಲು ಓದುವುದು, ಅಕ್ಕ ತಿದ್ದಿ ಹಾಡುವುದು, ಮಿಕ್ಕವರು ಖಾಲಿ ಪುಟದಲ್ಲಿ ತಮಿಳು ಅಕ್ಷರದಲ್ಲಿ ಇಳಿಸುವುದು. ಮೊದಲ ಪದದ ಮೂರನೇ ಸಾಲು ಬರೆಯುವಾಗ ಸೆಲ್ವಿಯ ಪೆನ್ನು 'ಮಗಳೇ' ಎಂಬಲ್ಲಿ ನಿಂತಿತು. ಅಕ್ಕ ಅವಳನ್ನೇ ನೋಡುತ್ತಿದ್ದಳು. "ಬರ್ಕೋ, ನಿಂದೇ ಅದು," ಎಂದಳು.

ಹೊರಡುವಾಗ ಸೆಲ್ವಿ ಬರೆದ ಪ್ರತಿ ನನಗೆ ಬೇಕೆಂದೆ. ಕೊಡಲಿಲ್ಲ. ಎಷ್ಟು ಚೌಕಾಸಿ ಮಾಡಿದರೂ ಚಿನ್ನಪ್ಪಣ್ಣನ ಪ್ರತಿಯೇ ಸಿಕ್ಕಿತು, ಟೀ ಕಲೆ ಸಮೇತ. ಬಸ್ಸಿನಲ್ಲಿ ಬಿಡಿಸಿದೆ. ನಾನು ಅಚ್ಚು ಹಾಕಿಸಿದ ಬದಿಯಲ್ಲಿ ನನ್ನ ದನಿಯೇ ಕೇಳಿತು. ಇನ್ನೊಂದು ಬದಿಯ ಸೊಟ್ಟ ತಮಿಳು ಅಕ್ಷರಗಳಲ್ಲಿ ಅಕ್ಕ ನೇಯುತ್ತ ಕೂತಿದ್ದಳು.

ನೀವೂ ಹೋಗುವುದಾದರೆ ಅಮಾವಾಸ್ಯೆ ನೋಡಿ ಹೋಗಿ, ಬೇರೆ ದಿನ ಯಾರಿಗೂ ಪುರುಸೊತ್ತಿಲ್ಲ. ತಟ್ಟುವಡೆಗೆ ಚೌಕಾಸಿ ಬೇಡ, ಪೆನ್ನು ಹತ್ತಾದರೂ ಇರಲಿ. ಯಾರದಾದರೂ ಪದ ಅಚ್ಚು ಹಾಕಿಸುವಿರಾದರೆ, ಪ್ರೆಸ್ಸಿನವನು ಏನೇ ಹೇಳಲಿ, ಒಂದು ಬದಿ ಖಾಲಿ ಬಿಡಿಸಿ.