ಹೂವಮ್ಮ ಎಳೆದ ಸುಣ್ಣದ ಮನೆ

ಸಾಗರದ ಪೇಟೆಯಲ್ಲಿ ಸೈಕಲ್ ಅಂಗಡಿಯ ಮೇಲಿನ ಕೋಣೆಗೆ ‘ಬಿ. ಹೂವಮ್ಮ, ಆರ್ಕಿಟೆಕ್ಟ್’ ಎಂಬ ಬೋರ್ಡು ಬಿದ್ದದ್ದು ೧೯೮೩ರಲ್ಲಿ. ಎಂಟು ತಿಂಗಳು ಒಂದು ನರಪಿಳ್ಳೆಯೂ ಕೆಲಸ ಹೊತ್ತು ಮೆಟ್ಟಿಲು ಹತ್ತಲಿಲ್ಲ. ಹತ್ತಿದವನೊಬ್ಬ, ಇಲ್ಲಿ ಟೈಪಿಂಗ್ ಕಲಿಸ್ತಾರಾ ಎಂದು ಕೇಳಿ ಇಳಿದುಹೋದ. ಮನೆ ಕಟ್ಟಲು ಮೇಸ್ತ್ರಿ ಇರುವಾಗ ನಡುವೆ ಇವಳದ್ದೇನು ಎಂದು ಊರೆಲ್ಲ ಆಡಿಕೊಂಡಿತು. ಆಡುವವರಿಗೇನು, ಬಾಯಿಗೆ ಬೀಗವೇ?

ಹೊಸನಗರದ ಕಡೆಯ ಅವಳ ಅಪ್ಪ ಬೆಳ್ಳಪ್ಪ, ಗೇಣಿ ಗದ್ದೆ ಸ್ವಂತದ್ದಾದ ಮೇಲೆ ಬೆಳೆದ ಭತ್ತವನ್ನೆಲ್ಲ ಮಗಳ ಬೆಂಗಳೂರಿನ ಓದಿಗೇ ಸುರಿದಿದ್ದ. ಹೂವಮ್ಮನೇ ತೀರ್ಮಾನಿಸಿಕೊಂಡಳು: ಮಳೆಗಾಲದೊಳಗೆ ಒಂದು ಮನೆಯ ಕೆಲಸ ಸಿಗದಿದ್ದರೆ ಬೋರ್ಡು ಇಳಿಸಿ, ಬೆಂಗಳೂರಿಗೆ ಹೋಗಿ ಇನ್ನೊಬ್ಬರ ನಕ್ಷೆ ತಿದ್ದುವುದು.

ಕೊನೆಗೆ ತೀರ್ಥಹಳ್ಳಿಯ ಧರ್ಮಪ್ಪ ಗೌಡರು ಹೊಸ ಮನೆಗೆ ಅವಳಿಂದ ನಕ್ಷೆ ಬರೆಸಿದರು. “ನಂಗೆ ಒಪ್ಗೆ. ಆದ್ರೆ ನಮ್ಮವ್ವ ಹೂಂ ಅನ್ಬೇಕು” ಎಂದರು.

ಅವ್ವ ವೆಂಕಮ್ಮ ಕಾಗದವನ್ನು ಹಿಂದೆ ಮುಂದೆ ತಿರುಗಿಸಿದರು. “ಇದ್ರಲ್ಲಿ ಮನೆ ಎಲ್ಲದೆ? ನಂಗೆ ಬರೀ ಗೀಟು ಕಾಣ್ತದೆ.”

ಪಕ್ಕದಲ್ಲಿದ್ದ ಗೌಡರ ಮೇಸ್ತ್ರಿ ಹುಲಿಯಪ್ಪ ಕಿಸಕ್ಕನೆ ನಕ್ಕ. ಹೂವಮ್ಮನಿಗೆ ಸಿಟ್ಟು ನೆತ್ತಿಗೇರಿತು.

ಮರುದಿನ ಬೆಳಿಗ್ಗೆ ಅಪ್ಪನನ್ನು ಕರೆದುಕೊಂಡು, ಎರಡು ಚೀಲ ಸುಣ್ಣದ ಪುಡಿ ತಂದು, ಮನೆ ಕಟ್ಟುವ ಖಾಲಿ ಜಾಗದಲ್ಲಿ ಇಡೀ ಮನೆಯನ್ನು ನಿಜದ ಅಳತೆಗೇ ಎಳೆದಳು. ಬಾಗಿಲಿದ್ದಲ್ಲಿ ಗೆರೆ ಬಿಟ್ಟಳು, ಒಲೆಗೆ ಮೂರು ಇಟ್ಟಿಗೆ ಇಟ್ಟಳು. ಬೆಳ್ಳಪ್ಪ ಅಳತೆಯ ಟೇಪು ಹಿಡಿದು ಅವಳ ಹಿಂದೆ ಹಿಂದೆ ನಡೆದ.

ವೆಂಕಮ್ಮ ಬಂದು ಇಟ್ಟಿಗೆಯ ಮುಂದೆ ಕೂತರು. “ಪಾತ್ರೆ ತೊಳಿಯೋಕೆ ಎಷ್ಟು ದೂರ ಹೋಗ್ಬೇಕು?”

“ನಾಲ್ಕೇ ಹೆಜ್ಜೆ, ಅಮ್ಮ.”

ಮುದುಕಿ ಎದ್ದು ನಡೆದರು. “ಆರಾಯ್ತು.”

ತಪ್ಪು ತನ್ನದೇ. ಹೂವಮ್ಮ ಅಳೆದದ್ದು ತನ್ನ ಹೆಜ್ಜೆಯಲ್ಲಿ. ವಾದಿಸಲು ಹೋಗದೆ ಕಾಲಿನಲ್ಲೇ ಗೆರೆ ಅಳಿಸಿ, ಪಾತ್ರೆ ತೊಳೆಯುವ ಕಡೆಯ ಗೋಡೆಯನ್ನು ಒಳಗೆ ಎಳೆದಳು. ವೆಂಕಮ್ಮ ಮತ್ತೆ ನಡೆದರು. ನಾಲ್ಕು! ಅವರು ಮೊದಲ ಸಲ ಹುಡುಗಿಯ ಮುಖವನ್ನು ನೆಟ್ಟಗೆ ನೋಡಿದರು, ಆದರೆ ಹೂಂ ಎನ್ನಲಿಲ್ಲ. ಕೋಣೆ ಕೋಣೆ ಸುತ್ತಿದರು. ಬೆಳ್ಳಪ್ಪ ಟೇಪನ್ನು ಸುತ್ತುತ್ತ, ಬಿಚ್ಚುತ್ತ ನಿಂತ.

ಬಿಸಿಲು ಏರಿತು. ಧರ್ಮಪ್ಪ ಗೌಡರು ಗೆರೆಯ ಆಚೆಯಿಂದ ಕೈಚಾಚಿ ಕೂಗಿದರು. “ಅವ್ವಾ, ಸಾಕು, ಹಿಂಗೇ ಈಚೆ ಬಂದ್ಬಿಡು.”

ವೆಂಕಮ್ಮ ಮಗನನ್ನು ದುರುಗುಟ್ಟಿ ನೋಡಿದರು. “ಗೋಡೆ ಹಾಯ್ಕೊಂಡು ಹ್ಯಾಂಗೆ ಬರ್ಲೋ, ಮಂಗ! ಬಾಗಿಲು ಆ ಕಡೆ ಅದೆ.”

ಹಾಗೆಂದವರೇ ಜಗಲಿ ಸುತ್ತಿಕೊಂಡು, ಗೆರೆ ಬಿಟ್ಟಲ್ಲಿಗೆ ಬಂದು, ಇಲ್ಲದ ಹೊಸಿಲನ್ನು ಕಾಲೆತ್ತಿ ದಾಟಿದರು.

ಹುಲಿಯಪ್ಪ ನಗಲಿಲ್ಲ. ಪಾಯ ಯಾವತ್ತು ತೆಗೆಯೋದು ಎಂದು ಹೂವಮ್ಮನನ್ನೇ ಕೇಳಿದ. ಬೆಳ್ಳಪ್ಪನ ಕೈಯಿಂದ ಟೇಪು ಜಾರಿತು. “ನನ್ ಮಗ್ಳು, ಗೌಡ್ರೇ” ಎಂದ, ಎಲ್ಲರಿಗೂ ಗೊತ್ತಿದ್ದದ್ದನ್ನೇ. “ಇವ್ಳು ನನ್ ಮಗ್ಳು.”